ನಾಲ್ಕು ವಾಕ್ಯ, ಎರಡು ಆಡು

ಆಡು ತಿಂದಿತು ಎಂದು ಹೇಳಬಾರದಿತ್ತು. ಜ್ವರ ಎನ್ನಬಹುದಿತ್ತು, ಹೊಟ್ಟೆನೋವು ಎನ್ನಬಹುದಿತ್ತು, ಕರೆಂಟು ಹೋಗಿತ್ತು ಎಂದಿದ್ದರಂತೂ ಮಸ್ಕಿಯವಳನ್ನು ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಆದರೆ ಫಿರ್ದೋಸ್ ಮೇಡಂ ಕೈ ಚಾಚಿ, “ಐದು ವಾಕ್ಯ ಬರ್ಕೊಂಡು ಬಾ ಅಂದಿದ್ದೆನಲ್ಲ, ಎಲ್ಲಿ?” ಎಂದ ಕೂಡಲೇ ಶಿವರಂಜನಿಯ ಬಾಯಿಗೆ ಬಂದದ್ದು ಆಡು. ಹಾಳೆಯನ್ನು ಅಂಗಡಿ ಮುಂದಿನ ಆಡು ತಿಂದಿತು ಮೇಡಂ. ಕ್ಲಾಸಿನ ಉಳಿದ ಆರು ಜನ ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. “ಆಡಾ?” ಎಂದು ಒಂದೇ ಮಾತು ಕೇಳಿ, ಹಾಜರಿ ಪುಸ್ತಕದಲ್ಲಿ ಏಳನೇ ನಂಬರಿನ ಮುಂದೆ ಸಣ್ಣಗೆ ಏನನ್ನೋ ಗೀಚಿಕೊಂಡು ಪಾಠಕ್ಕೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂಬತ್ತು ದಿನದಿಂದ ಅವಳು ಆ ಗೀಚನ್ನೇ ಯೋಚಿಸುತ್ತಿದ್ದಾಳೆ. ಸೊನ್ನೆಯಿರಬಹುದೋ, ಸುಳ್ಳಿ ಎಂದೇ ಬರೆದುಕೊಂಡಿರಬಹುದೋ.

ಮಸ್ಕಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬ್ಯಾಗನ್ನು ತೊಡೆಗಿಟ್ಟುಕೊಂಡು ಕುಳಿತ ಶಿವರಂಜನಿಗೆ, ಆ ಹಾಳೆ ನಿಜವಾಗಿ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅದು ನಾಲ್ಕು ಮಡಿಕೆಯಾಗಿ, ಕೆಂಪು ಬಟ್ಟೆಯ ತುಣುಕಿನೊಳಗೆ ಹೊಲಿಸಿಕೊಂಡು, ಕರಿ ದಾರದಲ್ಲಿ ಹಿತ್ತಿಲ ಓಣಿಯ ಯಮನಮ್ಮನ ಮೊಮ್ಮಗ ಚನ್ನುವಿನ ಕೊರಳಲ್ಲಿ ನೇತಾಡುತ್ತಿತ್ತು. ತಾಯತವಾಗಿ! ಇವತ್ತು ಆ ಯಮನಮ್ಮ ಮೊಮ್ಮಗನನ್ನು ಅವನ ತಾಯಿಯ ಹತ್ತಿರ ಗುರುಗುಂಟಾಕ್ಕೆ ಬಿಟ್ಟುಬರಲು ಹೊರಟಿದ್ದಳು. ಬೆಳಿಗ್ಗೆ ಅಂಗಡಿಗೆ ಬಂದು ಬಿಸ್ಕೀಟು ಒಯ್ಯುವಾಗ ಹೇಳಿದ್ದಳು. ಗುರುಗುಂಟಾ ಮುಟ್ಟಿತೆಂದರೆ ಆ ತಾಯತ ಇನ್ನು ಕೈಗೆ ಸಿಗುವಂತಿಲ್ಲ. ಅಲ್ಲಿ ಯಾರಾದರೂ ಅರಬ್ಬಿ ಓದಬಲ್ಲವರು ಬಿಚ್ಚಿ ನೋಡಿದರೆ? ಹಾಳೆಯ ಮೂಲೆಯಲ್ಲಿ ದುಂಡನೆಯ ಕನ್ನಡದಲ್ಲಿ ‘ಶಿವರಂಜನಿ, ನಂ. ೭’ ಎಂದು ಬೇರೆ ಇದೆ. ಕಳ್ಳಿ ಕದ್ದ ಮನೆಯಲ್ಲಿ ವಿಳಾಸ ಬಿಟ್ಟು ಬಂದ ಹಾಗೆ.

ಎಲ್ಲ ಶುರುವಾದದ್ದು ಖರ್ಜೂರದ ಡಬ್ಬಿಯಿಂದ. ಅಪ್ಪ ಸೂಗಪ್ಪನ ಕಿರಾಣಿ ಅಂಗಡಿಗೆ ರಂಜಾನ್ ಬಂತೆಂದರೆ ಖರ್ಜೂರದ ಡಬ್ಬಿಗಳು ಬರುತ್ತಿದ್ದವು. ಖಾಲಿ ಡಬ್ಬಿಗಳಲ್ಲಿ ಅವ್ವ ಸಾಸಿವೆ, ಮೆಂತೆ ತುಂಬಿಡುತ್ತಿದ್ದಳು. ಅವುಗಳ ಮೇಲಿನ, ಬಲದಿಂದ ಎಡಕ್ಕೆ ಓದುವ ಅರಬ್ಬಿ ಅಕ್ಷರಗಳನ್ನು ಸಣ್ಣ ಶಿವರಂಜನಿ ಬೆರಳಿನಿಂದ ತೀಡುತ್ತ ಕೂರುತ್ತಿದ್ದಳು, ಅದೂ ಎಡದಿಂದ ಬಲಕ್ಕೆ, ಉಲ್ಟಾ. ಲಿಂಗಸುಗೂರಿನ ಕಾಲೇಜಿನಲ್ಲಿ ಬಿ.ಎ. ಸೇರಿ ಮೈನರ್ ವಿಷಯ ಆರಿಸಿಕೊಳ್ಳಿ ಎಂದಾಗ, ‘ಅರಬ್ಬಿ ಭಾಷೆ ಮತ್ತು ಸಂಸ್ಕೃತಿ’ ಎಂಬ ಸಾಲು ಕಂಡು ಅದೇ ಬೆರಳು ಒತ್ತಿಬಿಟ್ಟಿತು. “ಕಾಮರ್ಸ್ ಇರ್ಲಿಲ್ಲೇನವ್ವಾ?” ಎಂದು ಅಪ್ಪ ಕೇಳಿದ. ಅವ್ವ ಕಸ್ತೂರೆಮ್ಮನದು ಬೇರೆ ಚಿಂತೆ. “ನೋಡಾಕ ಬಂದ ಬೀಗ್ರು ಏನ್ ಓದಾಕತ್ತೀಯವ್ವ ಅಂದ್ರ ಹಿಸ್ಟರಿ ಅಂತ ಹೇಳು. ಅದೂ ಖರೇನ ಐತಲ್ಲ.” ಎರಡು ತಿಂಗಳ ನಂತರ ಒಂದು ಸಂಜೆ ಅವಳು ಸಾಸಿವೆ ಡಬ್ಬಿಯ ಮೇಲಿನ ದೊಡ್ಡ ಅಕ್ಷರಗಳನ್ನು ಮೊದಲ ಸಲ ಕೂಡಿಸಿ ಓದಿ, ಮೈಯೆಲ್ಲ ಜುಮ್ಮೆಂದು, ಗಿರಾಕಿಗಳ ನಡುವೆಯೇ ಅಪ್ಪನನ್ನು ಕೂಗಿದ್ದಳು: “ಅಪ್ಪಾ, ಇದ್ರ ಮ್ಯಾಲ ಖರ್ಜೂರ ಅಂತ ಬರದೈತಿ!” ಅಪ್ಪ ತಕ್ಕಡಿಯಿಂದ ತಲೆ ಎತ್ತದೆ, “ಅದು ನಂಗೂ ಗೊತ್ತೈತಿ. ಖರ್ಜೂರದ ಡಬ್ಬಿ ಮ್ಯಾಲ ಮತ್ತ ಸಿಮೆಂಟ್ ಅಂತ ಬರೀತಾರೇನು?” ಎಂದ. ಗಿರಾಕಿಗಳು ನಕ್ಕರು. ಅವಳೂ ನಕ್ಕಳು, ಬೇರೆ ದಾರಿ ಇರಲಿಲ್ಲ.

ಕ್ಲಾಸಿನಲ್ಲಿ ಎಲ್ಲರ ಬಳಿಯೂ ಒಂದು ಕಾರಣವಿತ್ತು. ಐವರು ಚಿಕ್ಕಂದಿನಿಂದಲೇ ಆ ಲಿಪಿ ಬಲ್ಲವರು. ಸಾಲಗುಂದದ ವೀರೇಶ ಮುಂದೆ ದುಬೈಗೆ ಹೋಗಿ ಕ್ರೇನು ನಡೆಸಬೇಕೆಂದಿದ್ದವನು. ಇವಳನ್ನು ಕೇಳಿದರೆ ಸಾಸಿವೆ ಡಬ್ಬಿಯ ಕಥೆ ಹೇಳಬೇಕು. ಮೊದಲ ದಿನವೇ ಪುಸ್ತಕ ಕೈಜಾರಿ ಬಿದ್ದಾಗ ಅವಳು ಗಾಬರಿಯಿಂದ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಿದ್ದಳು. ಸಿಂಧನೂರಿನಿಂದ ಬಸ್ಸಿಗೆ ಬರುವ ಫಿರ್ದೋಸ್ ಮೇಡಂ ಅದನ್ನು ನೋಡಿ, “ಅದು ವ್ಯಾಕರಣದ ಪುಸ್ತಕ ಶಿವರಂಜನಿ, ಕಣ್ಣಿಗೆ ಒತ್ಕೊಂಡ್ರ ತಲೀಗೆ ಹೋಗಂಗಿಲ್ಲ” ಎಂದಿದ್ದರು. ಅದು ಅವರ ದೊಡ್ಡ ಹಟ. ಅರಬ್ಬಿ ಎಂದರೆ ಬರೀ ನಮಾಜಿಗಲ್ಲ, ಅದರಲ್ಲಿ ಜನ ಬದನೆಕಾಯಿ ಕೊಳ್ಳುತ್ತಾರೆ, ಅತ್ತೆ ಸೊಸೆ ಜಗಳಾಡುತ್ತಾರೆ, ಬಸ್ಸು ತಪ್ಪಿದರೆ ಬೈದುಕೊಳ್ಳುತ್ತಾರೆ. ಮೊದಲು ಅದನ್ನು ಕಲಿಯಿರಿ, ಕೈಮುಗಿಯುವುದು ಆಮೇಲೆ. ಆ ಮಾತು ಶಿವರಂಜನಿಗೆ ಎಷ್ಟು ಹಿಡಿಸಿತ್ತೆಂದರೆ ಮೇಡಂ ನಡೆಯುವ ಹಾಗೆ ನಡೆಯಲು, ಅವರ ಹಾಗೆ ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳಲು ಶುರು ಮಾಡಿದ್ದಳು. ಸಂಸ್ಕೃತಿಯ ಪಾಠದಲ್ಲಿ, ಅತಿಥಿಗೆ ಕಾಫಿ ಸಾಕಾದರೆ ಬಾಯಿಬಿಟ್ಟು ಹೇಳುವುದಿಲ್ಲ, ಖಾಲಿ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಕೊಡುತ್ತಾನೆ ಎಂದು ಕಲಿತ ದಿನ, ಮನೆಯಲ್ಲಿ ಚಹಾದ ಕಪ್ಪನ್ನು ಅಲ್ಲಾಡಿಸಿದ್ದಳು. ಕಸ್ತೂರೆಮ್ಮ ಬೆಚ್ಚಿ, “ಯಾಕ ಕೈ ನಡುಗಾಕತ್ಯಾವ? ಉಪಾಸ ಬಿದ್ದಿಯೇನ?” ಎಂದು ಇನ್ನೊಂದು ಕಪ್ಪು ಸುರಿದಿದ್ದಳು.

ಅಂಥ ಮೇಡಂ ಕೊಟ್ಟ ಹೋಂವರ್ಕನ್ನು ತಾನು ತಾಯತ ಮಾಡಿ ಕೊಟ್ಟೆನಲ್ಲ! ಅದೂ ಒಂದು ಸಾಧಾರಣ ಸಂಜೆ. ‘ನನ್ನ ಮನೆ’ ಎಂಬ ವಿಷಯದ ಮೇಲೆ ಐದು ವಾಕ್ಯ. ಅಂಗಡಿಯ ಗಲ್ಲಾದ ಪಕ್ಕ ಕುಳಿತು ನಾಲ್ಕು ಬರೆದಿದ್ದಳು, ಐದನೆಯದು ಹೊಳೆಯುತ್ತಿರಲಿಲ್ಲ. ಆಗ ಯಮನಮ್ಮ ಚನ್ನುವನ್ನು ಕಂಕುಳಲ್ಲಿ ಹೊತ್ತು ಬಂದಳು. ಕೂಸು ರಾತ್ರಿಯೆಲ್ಲ ಬೆಚ್ಚಿ ಬೆಚ್ಚಿ ಅಳುತ್ತಿತ್ತು. ಮಸೀದಿಯ ಬಾಗಿಲಲ್ಲಿ ಮೂರು ಸಂಜೆ ನಿಂತು, ನಮಾಜು ಮುಗಿಸಿ ಬಂದವರಿಂದ ಪ್ರಾರ್ಥನೆ ಹೇಳಿಸಿ ಕೂಸಿನ ಮುಖಕ್ಕೆ ಊದಿಸಿಕೊಂಡು ಬಂದಿದ್ದಳು; ತಾಯತ ಬರೆಯುವ ಶಾವಲಿ ಅಜ್ಜ ಕಣ್ಣಿನ ಆಪರೇಷನ್ನಿಗೆಂದು ಹೈದರಾಬಾದಿಗೆ ಹೋಗಿದ್ದ. ಹೇಳುತ್ತ ಹೇಳುತ್ತ ಅವಳ ಕಣ್ಣು ನೋಟ್‌ಬುಕ್ಕಿನ ಮೇಲೆ ಬಿತ್ತು. ಕೂಸನ್ನು ನೆಲಕ್ಕಿಳಿಸಿ, ಎರಡೂ ಕೈ ಜೋಡಿಸಿದಳು. ನೋಟ್‌ಬುಕ್ಕಿಗೋ ಶಿವರಂಜನಿಗೋ ತಿಳಿಯಲಿಲ್ಲ. “ಯವ್ವಾ, ನೀನ ಬರಿಯಾಕತ್ತೀಯಾ ಇದನ್ನ?” “ಆಯಿ, ಇದು ಹಂಗಲ್ಲ, ಇದು ಕಾಲೇಜಿಂದು” ಎಂದಳು ಶಿವರಂಜನಿ. “ಕಾಲೇಜಿಂದಾದ್ರ ಇನ್ನೂ ಜೋರ್ ಇರ್ತೈತಿ. ಒಂದೀಟು ಕೊಡವ್ವಾ.” ಇಲ್ಲ ಎಂದಳು. ಇನ್ನೊಮ್ಮೆ ಇಲ್ಲ ಎಂದಳು. ಮೂರನೇ ಸಲ ಹಾಳೆಯನ್ನು ಹರಿದುಕೊಟ್ಟಳು.

ಯಾಕೆ ಕೊಟ್ಟೆ ಎಂದು ಒಂಬತ್ತು ದಿನ ತನ್ನನ್ನೇ ಕೇಳಿಕೊಂಡು, ಕೂಸಿನ ಮೇಲಿನ ಕನಿಕರ ಎಂದು ಎಂಟು ದಿನ ಉತ್ತರ ಹೇಳಿಕೊಂಡಿದ್ದಳು. ಕನಿಕರವೂ ಇತ್ತು, ಇಲ್ಲವೆಂದಲ್ಲ. ಆದರೆ ಆ ಜೋಡಿಸಿದ ಕೈಗಳು! ಅಪ್ಪ ತಲೆ ಎತ್ತಿ ನೋಡದ, ಅವ್ವ ಬೀಗರಿಂದ ಮುಚ್ಚಿಡಲು ಹೇಳಿದ ಅಕ್ಷರಗಳಿಗೆ ಜಗತ್ತಿನಲ್ಲಿ ಮೊದಲ ಸಲ ಒಬ್ಬರು ಬೆರಗಾಗಿದ್ದರು. ಮಸ್ಕಿಯವರಿಗೆ ಓದಲು ಬಾರದ ಅಕ್ಷರಕ್ಕೆ ಮರ್ಯಾದೆ ಕೊಡುವುದು ರೂಢಿಯೇ. ಗುಡ್ಡದ ಬಂಡೆಯ ಮೇಲಿನ ಹಳೆಯ ಬರಹವನ್ನು ಬಂದವರಿಗೆಲ್ಲ ತೋರಿಸಿ ಬೀಗುವ ಊರು ಅದು. ಆ ಹೊತ್ತು ಅವಳೂ ಒಂದು ಬಂಡೆಯಾಗಿ ಉಬ್ಬಿದ್ದಳು. ಹಾಳೆಯನ್ನು ಮಡಿಚುವಾಗ ತುಟಿ ಅಲ್ಲಾಡಿಸಿದ್ದು ಬೇರೆ ನೆನಪಾಗಿ ಅವಳಿಗೆ ಬಸ್‌ಸ್ಟ್ಯಾಂಡಿನಲ್ಲೇ ಕಿವಿ ಕೆಂಪಾಯಿತು. ಏನೂ ಹೇಳಿಕೊಂಡಿರಲಿಲ್ಲ, ಸುಮ್ಮನೆ ತುಟಿ ಅಲ್ಲಾಡಿಸಿದ್ದಳು, ನಾಟಕ! ಅವತ್ತು ರಾತ್ರಿ ಚನ್ನು ಒಂದೇ ನಿದ್ದೆ ತೆಗೆದ. ಮರುದಿನ ಅಂಗಡಿಯ ಮೆಟ್ಟಿಲ ಮೇಲೆ ಒಂದು ಸಿವುಡು ಮೆಂತೆಪಲ್ಲೆ ಇತ್ತು. ಕಸ್ತೂರೆಮ್ಮ ಪಲ್ಲೆ ಮಾಡಿದಳು, ಶಿವರಂಜನಿ ಅದನ್ನು ಬಿಟ್ಟು ಬರೀ ಮಜ್ಜಿಗೆ ಅನ್ನ ಉಂಡೆದ್ದಳು.

ಸಿಂಧನೂರಿನ ಬಸ್ಸು ಬಂತು. ಮೂವರು ಕೂರುವ ಸೀಟಿನ ಕಿಟಕಿಯ ಬದಿಗೆ ಫಿರ್ದೋಸ್ ಮೇಡಂ, ಪಕ್ಕದಲ್ಲಿ ಎಂದಿನಂತೆ ಅವಳಿಗಾಗಿ ಇಟ್ಟ ವ್ಯಾನಿಟಿ ಬ್ಯಾಗು. ಒಂಬತ್ತು ದಿನದಿಂದಲೂ ಅವರು ಜಾಗ ಹಿಡಿಯುವುದನ್ನು ಬಿಟ್ಟಿರಲಿಲ್ಲ, ಅದೇ ಇನ್ನೂ ಚುಚ್ಚುತ್ತಿತ್ತು. ಅವಳು ಕುಳಿತು ಉಸಿರು ಬಿಡುವಷ್ಟರಲ್ಲಿ, “ಸರಿಯವ್ವಾ ರಂಜನಿ, ಸ್ವಲ್ಪ ಸರಿ” ಎನ್ನುತ್ತ ಯಮನಮ್ಮ ಚನ್ನುವಿನೊಂದಿಗೆ ಮೂರನೇ ಜಾಗಕ್ಕೆ ಬಂದು ಕೂತಳು. ಕಂಡಕ್ಟರು ಹತ್ತಿದ ಇಬ್ಬರ ಆಧಾರ್ ಕಾರ್ಡು ನೋಡಿ ಹೆಂಗಸರ ಎರಡು ಸೊನ್ನೆ ಟಿಕೆಟ್ಟು ಹರಿದುಕೊಟ್ಟ. ಒಂದು ಕಡೆ ಸುಳ್ಳು ಕೇಳಿಸಿಕೊಂಡವರು, ಇನ್ನೊಂದು ಕಡೆ ಅದನ್ನು ಕೊರಳಿಗೆ ಕಟ್ಟಿಕೊಂಡವರು, ನಡುವೆ ತಾನು. ಇದೇ ಸಮಯ ಎನಿಸಿತು. ಕೂಸನ್ನು ಎತ್ತಿಕೊಂಡು, ಮುದ್ದು ಮಾಡುವ ನೆಪದಲ್ಲಿ ದಾರದ ಗಂಟು ಬಿಚ್ಚಿ, ತಾಯತ ಬ್ಯಾಗಿಗೆ ಇಳಿಸಿ, ಎಲ್ಲೋ ಬಿದ್ದುಹೋಗಿರಬೇಕು ಆಯಿ ಎಂದರಾಯಿತು. ಇನ್ನೊಂದು ಸುಳ್ಳು, ಆದರೆ ಕೊನೆಯದು. “ಬಾರೋ ಚನ್ನು” ಎಂದು ಕೈ ಚಾಚಿದಳು. ಒಂದೂವರೆ ವರ್ಷದ ಚನ್ನು ಬಂದ. ಆದರೆ ತಾಯತ ಅವನ ಬಾಯೊಳಗಿತ್ತು. ಹಲ್ಲು ಬರುವ ವಸಡಿಗೆ ಅದನ್ನು ಒತ್ತಿ ಒತ್ತಿ ಚೀಪುತ್ತಿದ್ದ. ಎಳೆದರೆ ಬಿಡಲೊಲ್ಲ. ಗಂಟು ಜೊಲ್ಲಿನಲ್ಲಿ ನೆಂದು ಕಲ್ಲಾಗಿತ್ತು.

“ಈಕಿ ನಿಮ್ಮ ಕಾಲೇಜಿನಾಕೀನ ಏನ್ರೀ ಮೇಡಮ್ಮೋರ?” ಯಮನಮ್ಮ ಇವಳ ತಲೆಯ ಮೇಲಿಂದ ಕೇಳಿದಳು. “ಭಾರೀ ಕೈಗುಣ ಐತ್ರೀ ಈಕೀದು!” ಶಿವರಂಜನಿ ಜೋರಾಗಿ ಕೆಮ್ಮಿದಳು. ಮೇಡಂ ಕಿಟಕಿಯಿಂದ ಈ ಕಡೆ ತಿರುಗಿದರು. “ಕೈಗುಣ? ಏನ್ ಮಾಡ್ಯಾಳ?” ಯಮನಮ್ಮ ಹೇಳಲು ಬಾಯಿ ತೆರೆದಳು, ಆದರೆ ಅಷ್ಟರಲ್ಲಿ ಮೇಡಂ, “ಅಯ್ಯಯ್ಯ, ಕೂಸು ಏನೋ ನುಂಗಾಕತ್ತೈತಿ ನೋಡ್ರಿ” ಎಂದು ಬಾಗಿ, ಚನ್ನುವಿನ ಬಾಯಲ್ಲಿ ಬೆರಳು ಹಾಕಿ ಕೆಂಪು ಬಟ್ಟೆಯನ್ನು ಹೊರಗೆ ಎಳೆದರು. ಹೊಲಿಗೆ ಬಿಚ್ಚಿತ್ತು. ಮೇಡಂ ಬೆರಳುಗಳ ನಡುವೆ ನೋಟ್‌ಬುಕ್ಕಿನ ಗೆರೆ ಹಾಳೆ, ಒದ್ದೆಯಾಗಿ, ತಾನೇ ತಾನಾಗಿ ಮಡಿಕೆ ತೆರೆದುಕೊಂಡಿತು.

ಬಸ್ಸು ಒಂದು ಹಳ್ಳಿಯ ಹತ್ತಿರ ನಿಂತು, ಜನ ಇಳಿದು, ಮತ್ತೆ ಹೊರಟಿತು. ಅಷ್ಟು ಹೊತ್ತೂ ಮೇಡಂ ಓದುತ್ತಿದ್ದರು. ನಾಲ್ಕು ವಾಕ್ಯ ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಶಿವರಂಜನಿ ಕೂಸಿನ ನೆತ್ತಿಯನ್ನೇ ನೋಡುತ್ತ ಕುಳಿತಳು. ಈಗ ಬ್ಯಾಗು ಎತ್ತಿಕೊಂಡು ಬೇರೆ ಸೀಟಿಗೆ ಹೋಗುತ್ತಾರೆ, ನಾಳೆಯಿಂದ ಜಾಗ ಹಿಡಿಯುವುದಿಲ್ಲ, ಬದನೆಕಾಯಿಯ ಭಾಷೆಯನ್ನು ಭಯಭಕ್ತಿಗೆ ಮಾರಿದವಳು ಎಂದು ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತಾರೆ. ಸತ್ತೇ ಹೋಗಬೇಕು ಎನಿಸಿತು, ಆದರೆ ಚನ್ನು ತೊಡೆಯ ಮೇಲಿದ್ದ.

“ಆಡು ತಿಂತು ಅಂದಿದ್ದಿ” ಎಂದರು ಮೇಡಂ.

“ಯಾವ ಆಡ್ರೀ?” ಯಮನಮ್ಮ ತಟ್ಟನೆ ಕೇಳಿದಳು.

“ಈ ಹಾಳೀನ ಇವರ ಅಂಗಡಿ ಮುಂದಿನ ಆಡು ತಿಂದೈತಂತ ನನ್ನ ಮುಂದ ಹೇಳಿದ್ಲು.”

“ಏ, ಹೋಗ್ರಿ! ಅವು ನಮ್ಮ ಆಡು. ಗ್ವಾಡಿಗೆ ಹಚ್ಚಿದ ಪೋಸ್ಟರ್ ತಿಂತಾವ, ಇಲ್ಲಂತ ಅನ್ನಂಗಿಲ್ಲ. ಹುಡುಗ್ರು ಬರದಿದ್ದು ಮುಟ್ಟಂಗಿಲ್ರೀ ಅವು.” ಯಮನಮ್ಮನಿಗೆ ನಿಜವಾಗಿಯೇ ಕೋಪ ಬಂದಿತ್ತು. ಆಮೇಲೆ ಹಾಳೆಯತ್ತ ನೋಡಿ ದನಿ ತಗ್ಗಿಸಿದಳು. “ಬಿಚ್ಚಿಬಿಟ್ರಿ. ಬಿಚ್ಚಬಾರ್ದಂತಾರ. ಆತು, ಬಿಚ್ಚಿದ ಮ್ಯಾಲ ಕೇಳ್ತೀನಿ, ಏನೈತ್ರೀ ಅದ್ರಾಗ? ದೊಡ್ಡ ಮಾತ ಇರಬೇಕು.”

ಮೇಡಂ ಹಾಳೆಯನ್ನು ಶಿವರಂಜನಿಯ ಮುಂದೆ ಹಿಡಿದರು. “ಬರದಾಕಿನ ಹೇಳ್ಲಿ. ಒಂದೊಂದ ವಾಕ್ಯ. ಕನ್ನಡದಾಗ.”

ಓದದೆ ವಿಧಿಯಿರಲಿಲ್ಲ. “ನಮ್ಮ ಅಪ್ಪನ ಅಂಗಡಿ ಸಣ್ಣದು” ಎಂದಳು. ಯಮನಮ್ಮ ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, “ಹ್ಞೂಂ” ಎಂದಳು. “ಅಂಗಡಿ ಮುಂದ ಎರಡು ಆಡು ಅದಾವ.” ಈ ಸಲ ಹ್ಞೂಂ ಸ್ವಲ್ಪ ತಡವಾಗಿ ಬಂತು. “ಆ ಆಡುಗಳು ನಮ್ಮ ಬೆಲ್ಲ ತಿಂತಾವ.” ಹ್ಞೂಂ ಬರಲೇ ಇಲ್ಲ. “ನಾಕನೇದು?” ಎಂದರು ಮೇಡಂ. ಶಿವರಂಜನಿ, “ಅಪ್ಪ ಓಡಿಸ್ತಾನ, ಅವು ಮತ್ತ ಬರ್ತಾವ” ಎಂದಳು.

ಯಮನಮ್ಮ ಕಣ್ಣು ತೆರೆದಳು. “ಅಲ್ಲಲೇ ಹುಡುಗಿ! ನಮ್ಮ ಆಡಿನ ಮ್ಯಾಲ ಚಾಡಿ ಬರದು ನನ್ನ ಮೊಮ್ಮಗನ ಕೊಳ್ಳಾಗ ಕಟ್ಟೀಯೇನು? ಒಂಬತ್ತು ದಿನ! ನಾ ದಿನಾ ಅದಕ್ಕ ಲೋಬಾನದ ಹೊಗಿ ಹಾಕೀನಲ್ಲಲೇ!” ಮುಂದಿನ ಸೀಟಿನವರು ತಿರುಗಿ ನೋಡಿದರು, ಹಿಂದಿನವರು ಎದ್ದು ನಿಂತು ನೋಡಿದರು, ಯಾರೋ ಕಿಸಕ್ಕೆಂದರು. ಶಿವರಂಜನಿಯ ಕಣ್ಣಲ್ಲಿ ನೀರು ಬಂತು, ಬಂದ ಮೇಲೆ ಬಾಯಿ ತಾನಾಗಿಯೇ ನಿಜ ಹೇಳಿತು. “ತಪ್ಪಾತು ಆಯಿ. ನಂಗ ತಾಯತ ಬರಿಯಾಕ ಬರಂಗಿಲ್ಲ. ನೀ ಕೈ ಮುಗದಿ ನೋಡು, ನಂಗ ಅದು ಭಾಳ ಛಲೋ ಅನಸ್ತು. ಅಷ್ಟಕ್ಕ ಕೊಟ್ಟೆ.” ಮೇಡಂ ಕಡೆ ತಿರುಗಲು ಆಗಲಿಲ್ಲ. “ನಿಮಗೂ ಸುಳ್ಳು ಹೇಳಿದೆ ಮೇಡಂ.”

ಚೀಪಲು ಏನೂ ಇಲ್ಲದ ಚನ್ನು ಬಾಯಿ ಅಗಲಿಸಿ ಅಳಲು ಶುರು ಮಾಡಿದ. ಯಮನಮ್ಮ ಅವನನ್ನು ಎಳೆದುಕೊಂಡು ಬೆನ್ನು ತಟ್ಟುತ್ತ, ಮೇಡಂ ಕಡೆ ನೋಡಿ ಕೇಳಿದಳು: “ಮತ್ತ ಒಂಬತ್ತು ದಿನ ಹೆಂಗ ಮಲಗಿದ್ರೀ ಇವ?”

“ಅದು ನಂಗೂ ತಿಳಿವಲ್ದು ಯಮ್ಮಾ” ಎಂದರು ಮೇಡಂ. “ಹಲ್ಲು ಬರಾಕತ್ತಾವ, ಚೀಪಾಕ ಒಂದು ಸಿಕ್ತು. ಅದಕ್ಕ ಇರಬೇಕು. ಇಲ್ಲಾ ಬ್ಯಾರೇನೂ ಇರಬೇಕು.”

“ಹಂಗಾದ್ರ ಬರೀ” ಎಂದಳು ಯಮನಮ್ಮ, ಇವಳಿಗೆ. “ಈಗ ಬರೀ. ಆಡಿನ ಸುದ್ದಿ ಸಾಕು, ಇವಂದು ಬರೀ.”

“ನಾ ಬರದ್ರ ಅದು ದೇವರ ಮಾತು ಆಗಂಗಿಲ್ಲ ಆಯಿ.”

“ಆಗದಿದ್ರ ಬಿಡು. ಇವನ ಕೊಳ್ಳಾಗ ಇವನ ಸುದ್ದಿಯಾರ ಇರ್ಲಿ.”

ಮೇಡಂ ಕಿವಿಯ ಹಿಂದಿನಿಂದ ಕೆಂಪು ಪೆನ್ನು ತೆಗೆದು ಕೊಟ್ಟರು. “ಐದು ವಾಕ್ಯ ಹೇಳಿದ್ದೆ. ನಾಕ ಅದಾವ.” ಶಿವರಂಜನಿ ಹಾಳೆಯನ್ನು ಪುಸ್ತಕದ ಮೇಲಿಟ್ಟುಕೊಂಡಳು. ಚನ್ನುವಿನ ಹೆಸರು ಬರೆದಳು. ಆಮೇಲೆ ಕೈ ನಿಂತಿತು. ಅರಬ್ಬಿಯಲ್ಲಿ ಅಂಗಡಿ ಗೊತ್ತು, ಬಾಗಿಲು ಗೊತ್ತು, ಆಡು, ಬೆಲ್ಲ, ಓಡಿಸುವುದು ಎಲ್ಲ ಗೊತ್ತು, ನಿದ್ದೆ ಗೊತ್ತಿಲ್ಲ. ಆ ಪಾಠ ಇನ್ನೂ ಬಂದಿರಲಿಲ್ಲ. ಎರಡು ಸೆಮಿಸ್ಟರಿನಲ್ಲಿ ಅವಳು ಒಂದು ಪದವನ್ನೂ ತಾನಾಗಿ ಕೇಳಿರಲಿಲ್ಲ. ಕೊಟ್ಟದ್ದನ್ನು ಕಲಿತು, ಕೇಳಿದಾಗ ಒಪ್ಪಿಸಿದ್ದಳು. “ಮೇಡಂ, ಮಲಗೋದಕ್ಕ ಏನಂತಾರ?” ಮೇಡಂ ಕಿವಿಯ ಹತ್ತಿರ ಬಾಗಿ ಹೇಳಿದರು. ಅಳುವಿನ ನಡುವೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಗುಂಡಿಗೆ ಬಿದ್ದೆದ್ದು ಓಡುವ ಬಸ್ಸಿನಲ್ಲಿ ಅವಳು ಒಂದೊಂದೇ ಅಕ್ಷರ ಕೂರಿಸಿದಳು. ಚುಕ್ಕೆಯೊಂದು ಹಾರಿ ಮೇಲಿನ ಸಾಲಿನ ಆಡಿನ ಮೇಲೆ ಬಿತ್ತು.

“ಏನಂತ ಬರದಿ?”

“ಚನ್ನು ಮಲಗ್ಯಾನ ಅಂತ.”

ಯಮನಮ್ಮ ಬಸ್ಸೇ ಹಾರಿಹೋಗುವಂತೆ ಒದರುತ್ತಿದ್ದ ಮೊಮ್ಮಗನನ್ನು ನೋಡಿದಳು, ಶಿವರಂಜನಿಯನ್ನು ನೋಡಿದಳು. “ಇದು ಸುಳ್ಳು” ಎಂದಳು. “ಇದಕ್ಕಿಂತ ಆಡಿಂದ ಛಲೋ ಇತ್ತು, ಖರೇ ಆದ್ರೂ ಇತ್ತು.” ಫಿರ್ದೋಸ್ ಮೇಡಂ ಆಗ ನಕ್ಕರು. ಒಂಬತ್ತು ದಿನ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ಬಂದ ಹಾಗೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಕ್ಕರು. ನಗು ಮುಗಿದ ಮೇಲೆ ಪೆನ್ನು ತೆಗೆದುಕೊಂಡು ಎರಡು ಕಡೆ ತಪ್ಪಿಗೆ ಸುತ್ತು ಹಾಕಿದರು, ತಾಯತ ಎಂದು ಬಿಡಲಿಲ್ಲ. ಯಮನಮ್ಮ ಹಾಳೆಯನ್ನು ಮಡಿಚಿ, ಕೆಂಪು ಬಟ್ಟೆ ಸುತ್ತಿ, ಬಳೆಗೆ ಸಿಕ್ಕಿಸಿದ್ದ ದಾರದ ಸೂಜಿ ತೆಗೆದು ಅಲ್ಲೇ ಹೊಲಿದಳು. “ಆಡೂ ಇರ್ಲಿ ಬಿಡು, ಅವೂ ಮನಿಯಾವ” ಎಂದು ಗಂಟು ಬಿಗಿದಳು.

ಲಿಂಗಸುಗೂರಿನಲ್ಲಿ ಇಳಿದು, ಯಮನಮ್ಮ ಗುರುಗುಂಟಾ ಬಸ್ಸಿನತ್ತ ಓಡಿದಳು. ಮೇಡಂ ಅಲ್ಲಿಯೇ ನಿಂತು ಹಾಜರಿ ಪುಸ್ತಕ ತೆರೆದರು. ಏಳನೇ ನಂಬರಿನ ಮುಂದೆ ಸೊನ್ನೆ ಇರಲಿಲ್ಲ, ಸುಳ್ಳಿ ಎಂದೂ ಇರಲಿಲ್ಲ. ಅರಬ್ಬಿಯಲ್ಲಿ ಒಂದೇ ಪದವಿತ್ತು: ಆಡು. ಅವರು ನಿಜವಾಗಿಯೇ ನಂಬಿದ್ದರು. ಅದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಐದಕ್ಕೆ ನಾಲ್ಕು ಎಂದು ಬರೆದರು. “ಇನ್ನೊಮ್ಮೆ ಸುಳ್ಳು ಹೇಳಿದ್ರ ಆ ಆಡ್ನ ಕ್ಲಾಸಿಗೆ ಹಿಡ್ಕೊಂಡು ಬರಬೇಕು ನೀ” ಎಂದು ಪೆನ್ನನ್ನು ಕಿವಿಗೆ ಸಿಕ್ಕಿಸಿ ಮುಂದೆ ನಡೆದರು. ಎರಡು ಹೆಜ್ಜೆ ನಡೆದು, ಅವಳು ಬರಲೆಂದು ನಿಂತರು.

ಗುರುಗುಂಟಾ ಬಸ್ಸು ತಿರುವಿನಲ್ಲಿ ಅವಳ ಮುಂದೆಯೇ ಹಾದುಹೋಯಿತು. ಕಿಟಕಿಯಲ್ಲಿ ಚನ್ನು ಕಂಡ. ಅಳು ನಿಲ್ಲಿಸಿದ್ದ, ಕಣ್ಣು ಇಷ್ಟಗಲ ಬಿಟ್ಟುಕೊಂಡು ಅವಳನ್ನೇ ನೋಡುತ್ತ ತಾಯತ ಚೀಪುತ್ತಿದ್ದ. ನಿದ್ದೆಯ ಸುಳಿವೂ ಇರಲಿಲ್ಲ. ಬಸ್ಸು ಮರೆಯಾಗುವವರೆಗೂ ಶಿವರಂಜನಿ ನೋಡುತ್ತಲೇ ಇದ್ದಳು. ಇಷ್ಟು ದಿನ ಬರೆದ ವಾಕ್ಯ ಸರಿ ಇದೆಯೋ ಇಲ್ಲವೋ ಎಂದಷ್ಟೇ ಅವಳು ಹೆದರುತ್ತಿದ್ದಳು. ಚನ್ನು ಮಲಗ್ಯಾನ ಎಂದು ಬರೆದದ್ದು ರಾತ್ರಿಯ ಹೊತ್ತಿಗೆ ನಿಜವಾಗಲಿ ಎಂದು ಬೇಡಿಕೊಂಡದ್ದು ಇದೇ ಮೊದಲು. ಈ ಸಲ ಅವಳ ತುಟಿ ಅಲ್ಲಾಡಿದ್ದು ಅವಳಿಗೆ ಗೊತ್ತಾಗಲಿಲ್ಲ.